ಕೆರೆ ಹೆಚ್ಚಿದ ವರ್ಷ

ಸೊರಬದ ಆ ಹೈಸ್ಕೂಲಿನ ಅಂಗಳಕ್ಕೆ ಕಾಲಿಟ್ಟಾಗಿನಿಂದ ಹೂವಮ್ಮನಿಗೆ ತನ್ನ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ. ಇಪ್ಪತ್ತೊಂದು ವರ್ಷ ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಸೌಟು, ಮೊರ, ಈಳಿಗೆ ಹಿಡಿದ ಕೈ. ಸುಮ್ಮನಿರು ಎಂದರೆ ಇರುವ ಕೈಯಲ್ಲ. ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಕೊರಳಲ್ಲಿ ಕೆಂಪು ದಾರದ ಚೀಟಿಯೊಂದು ನೇತಾಡುತ್ತಿತ್ತು. ಅದರಲ್ಲಿ ಅವಳ ಹೆಸರು, ಹೆಸರಿನ ಕೆಳಗೆ ‘ತಂಡದ ಪಾಲಕರು’. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅಕ್ಷರಕ್ಕೆ ಅಕ್ಷರ ಕೂಡಿಸಿ ಅದನ್ನು ಬೆಳಗಿನಿಂದ ಮೂರು ಸಲ ಓದಿಕೊಂಡಿದ್ದಳು.

ಅವಳ ಊರು ಹೊಂಡದಕೊಪ್ಪ. ಶಿಕಾರಿಪುರ ತಾಲೂಕು, ತಾಳಗುಂದ ದಾಟಿ ಮೂರು ಮೈಲಿ. ಆ ಊರಿನ ಸರಕಾರಿ ಹೈಸ್ಕೂಲಿನ ಐದು ಮಕ್ಕಳು ‘ನೆಲ ನೀರು ಕಾಡು’ ಎಂಬ ಸ್ಪರ್ಧೆಗೆ ಬಂದಿದ್ದರು. ಎರಡು ತಾಲೂಕಿನ ಹದಿಮೂರು ಶಾಲೆಗಳು, ಶಾಲೆಗೊಂದು ತಂಡ. ಬೆಳಿಗ್ಗೆ ಮಣ್ಣು, ಮರ, ನೀರು, ಕಾಡುಪ್ರಾಣಿ ಎಂದು ನಾಲ್ಕು ಕಡೆ ಪರೀಕ್ಷೆ. ಮಧ್ಯಾಹ್ನ ಪ್ರತಿ ತಂಡವೂ ತಮ್ಮೂರಿನ ಒಂದು ತೊಂದರೆಯನ್ನೂ ಅದಕ್ಕೆ ತಮಗೆ ತೋಚಿದ ಪರಿಹಾರವನ್ನೂ ತೀರ್ಪುಗಾರರ ಮುಂದೆ ಹೇಳಬೇಕು. ಮಕ್ಕಳನ್ನು ತಯಾರು ಮಾಡಿದವರು ವಿಜ್ಞಾನದ ಶ್ರೀನಾಥ ಮಾಸ್ತರು. ಎರಡು ದಿನದ ಹಿಂದೆ ಅವರಿಗೆ ಶಿವಮೊಗ್ಗದಲ್ಲಿ ಯಾವುದೋ ತರಬೇತಿಗೆ ಬರಬೇಕೆಂದು ಆರ್ಡರ್ ಬಂತು. ತಂಡದಲ್ಲಿ ಮೂವರು ಹೆಣ್ಣುಮಕ್ಕಳು, ಜೊತೆಗೆ ಹೆಂಗಸೇ ಹೋಗಬೇಕು ಎಂದು ಹೆಡ್‌ಮೇಡಮ್ಮು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಹೂವಮ್ಮ, ನೀವೇ ಹೋಗಿ. ಕೆರೆ ಲೆಕ್ಕ ಹೇಳಿದೋರು ನೀವೇ ಅಲ್ವಾ?”

ಹಾಗೆ ಬಂದವಳು ಅವಳು.

ಕೆರೆಯ ಲೆಕ್ಕ ಹೇಳಿದ್ದಂತೂ ನಿಜ. ಹೂವಮ್ಮನ ಅಪ್ಪ ರಾಜಪ್ಪ ಹೊಂಡದಕೊಪ್ಪದ ನೀರುಗಂಟಿ. ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವ ಕೆಲಸ. ಅವನಿಗೆ ಬುತ್ತಿ ಹೊತ್ತುಕೊಂಡು ಏರಿಯ ಮೇಲೆ ಓಡಾಡಿಯೇ ಅವಳು ಬೆಳೆದದ್ದು. ಕೊಟ್ಟದ್ದೂ ಅದೇ ಊರಿನ ಕೆಳಗೇರಿಗೆ. ಕೆರೆ ಯಾವ ವರ್ಷ ಎಷ್ಟಿತ್ತೆಂದು ಯಾರ ಕಾಗದದಲ್ಲೂ ಇಲ್ಲ, ಅವಳ ತಲೆಯಲ್ಲಿದೆ. ಹತ್ತನೇ ಕ್ಲಾಸಿನ ಚೈತ್ರ, ತಂಡದ ನಾಯಕಿ, ಒಂದು ತಿಂಗಳು ದಿನಾ ಊಟದ ಗಂಟೆ ಮುಗಿದ ಮೇಲೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಬರೆದುಕೊಂಡಿದ್ದಳು. ಹೂವಮ್ಮ ನಾಳೆಯ ಅಕ್ಕಿ ಆರಿಸುತ್ತಾ ಹೇಳುತ್ತಿದ್ದಳು.

“ಗಣೇಶಣ್ಣ ಹುಟ್ಟಿದ ವರ್ಷ ಎಷ್ಟಿತ್ತು ಅಜ್ಜಿ?”

“ನನ್ನ ಮಗ ಹುಟ್ಟಿದ ವರ್ಷ ಏನವ್ವ, ಕೆರೆ ಹೆಚ್ಚಿತ್ತು.”

“ಅದರ ಹಿಂದಿನ ವರ್ಷ?”

“ಸಾದಾರಣ. ಭತ್ತಕ್ಕಾಯ್ತು, ಬೇಸಿಗೆ ಪೈರಿಗೆ ಆಗ್ಲಿಲ್ಲ.”

“ಮುಂದಿನ ವರ್ಷ?”

“ತುಂಬಿ ಕೋಡಿ ಬಿತ್ತು. ನಮ್ಮಪ್ಪ ಕೋಡಿ ಕಲ್ಲಿನ ಮ್ಯಾಲೆ ಕುಂತು ಒಂದು ಕಟ್ಟು ಬೀಡಿ ಸೇದಿದ.”

ಅವಳಿಗೆ ಇಸವಿ ಗೊತ್ತಿಲ್ಲ. ಅಣ್ಣ ನಾಗರಾಜನ ಮದುವೆಯ ವರ್ಷ, ಶಾಲೆಗೆ ಆರ್‌ಸಿಸಿ ಹಾಕಿದ ವರ್ಷ, ಹೀಗೆ. ಚೈತ್ರ ಅವನ್ನೆಲ್ಲ ಲೆಕ್ಕ ಹಾಕಿ ಇಸವಿಗೆ ತಿರುಗಿಸಿದಳು. ಕೊನೆಗೆ ಒಂದು ದೊಡ್ಡ ಪಟ ಮಾಡಿದರು. ಅದನ್ನು ಹೂವಮ್ಮನಿಗೆ ತೋರಿಸಲಿಲ್ಲ. “ಸೊರಬದಲ್ಲೇ ನೋಡ್ರಿ ಅಜ್ಜಿ, ನಿಮ್ಮ ಹೆಸರೂ ಹಾಕಿದೀವಿ” ಎಂದು ಸುರುಳಿ ಸುತ್ತಿ ಪಿವಿಸಿ ಪೈಪಿನೊಳಗೆ ತೂರಿಸಿಟ್ಟರು. ಪೈಪು ವಸೀಂ ತಂದದ್ದು. ಅವನಪ್ಪ ಮಸ್ತಾನ್ ಸಾಬ್‌ದು ಶಿರಾಳಕೊಪ್ಪ ರಸ್ತೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ.

ಬೆಳಿಗ್ಗೆ ಒಂಬತ್ತಕ್ಕೆ ಕರುಣಾ ಎಂಬ ಸೊರಬದ ಕಾಲೇಜು ಹುಡುಗಿ ಎಲ್ಲ ಪಾಲಕರನ್ನೂ ಸಾಲಾಗಿ ನಿಲ್ಲಿಸಿ ನಿಯಮ ಓದಿದಳು.

“ಬೆಲ್ ಹೊಡೆದ ಮೇಲೆ ಪಾಲಕರು ಮಕ್ಕಳ ಹತ್ರ ಮಾತಾಡ್ಲಾಗ. ಕೈಸನ್ನೆ, ಕಣ್ಸನ್ನೆ ಎಂತದೂ ಇಲ್ಲೆ. ಮಾಡಿದ್ರೆ ಆ ತಂಡ ಹೊರಗೆ.”

“ಕೆಮ್ಮಬಹುದಾ ಮೇಡಂ?” ಎಂದ ವಸೀಂ.

“ಒಂದು ಸಲ” ಎಂದಳು ಕರುಣಾ, ನಗದೆ.

ಮಕ್ಕಳು ನಕ್ಕರು. ಹೂವಮ್ಮ ನಗಲಿಲ್ಲ. ಅಲ್ಲಿಂದಲೇ ಅವಳಿಗೆ ಗಂಟಲು ಕೆರೆಯಲು ಶುರುವಾಯಿತು.

ಮರದ ಪರೀಕ್ಷೆ ಕುಪ್ಪಗಡ್ಡೆ ರಸ್ತೆಯ ಪಕ್ಕದ ಕಾನಿನಲ್ಲಿತ್ತು. ಕಾನು ಎಂದರೆ ಆ ಕಡೆಯವರು ಕೊಡಲಿ ಹಾಕದೆ ಉಳಿಸಿಕೊಂಡ ದಟ್ಟ ಕಾಡು. ಮಕ್ಕಳು ಹಗ್ಗದ ಒಳಗೆ, ಪಾಲಕರು ಹಗ್ಗದ ಹೊರಗೆ. ಹತ್ತು ಮರಕ್ಕೆ ಹತ್ತು ನಂಬರು ಕಟ್ಟಿದ್ದರು. ನಾಲ್ಕನೇ ಮರದ ಹತ್ತಿರ ಚೈತ್ರ ನಂದಿಯೋ ಮತ್ತಿಯೋ ಎಂದು ತೊಗಟೆ ಸವರುತ್ತಾ ನಿಂತುಬಿಟ್ಟಳು. ಹೂವಮ್ಮನಿಗೆ ದೂರದಿಂದಲೇ ಅದು ಮತ್ತಿ ಎಂದು ಕಾಣುತ್ತಿತ್ತು. ಮೊಸಳೆಯ ಬೆನ್ನಿನಂಥ ಆ ತೊಗಟೆಯನ್ನು ಇನ್ನೇನೆಂದು ತಿಳಿಯಬೇಕು? ಬಾಯಿ ತಾನಾಗಿ ತೆರೆಯಿತು. ಸೆರಗು ಬಾಯಿಗೊತ್ತಿ ಹಿಂದಕ್ಕೆ ತಿರುಗಿ ನಿಂತಳು. ಪಕ್ಕದಲ್ಲಿದ್ದ ಬೇರೆ ಶಾಲೆಯ ಮಾಸ್ತರರೊಬ್ಬರು, “ಯಾಕಮ್ಮ, ಹೊಟ್ಟೆ ತೊಳಸ್ತಿದೆಯಾ?” ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸುವುದೂ ಸನ್ನೆಯಾದೀತೆಂದು ಅವಳು ಕಲ್ಲಿನಂತೆ ನಿಂತಳು. ತಿರುಗಿ ನೋಡುವಷ್ಟರಲ್ಲಿ ಚೈತ್ರ ಏನೋ ಬರೆದು ಐದನೇ ಮರಕ್ಕೆ ಹೋಗಿಯಾಗಿತ್ತು.

ಬರೆದದ್ದು ಮತ್ತಿಯೇ. ಮಧ್ಯಾಹ್ನ ಚಿತ್ರಾನ್ನದ ಹೊತ್ತಿಗೆ ಹಲಗೆಯ ಮೇಲೆ ಅಂಕ ಹಾಕಿದರು. ಹೊಂಡದಕೊಪ್ಪ ಎರಡನೆಯದು. ಮೊದಲಿದ್ದ ಸೊರಬದ ಕಡೆಯ ತಂಡಕ್ಕೂ ಇವರಿಗೂ ಮೂರೇ ಅಂಕ ವ್ಯತ್ಯಾಸ.

“ಗೆದ್ರೆ ಮೈಸೂರು ಅಜ್ಜಿ!” ಎಂದು ಚೈತ್ರ ಹೂವಮ್ಮನ ತೋಳು ಹಿಡಿದು ಅಲುಗಾಡಿಸಿದಳು. ಊಟದ ಹೊತ್ತಿನಲ್ಲಿ ಮಾತಾಡಲು ಅಡ್ಡಿಯಿರಲಿಲ್ಲ. “ರಾಜ್ಯಮಟ್ಟ. ಮೂರು ದಿನ. ನಾನು ಶಿವಮೊಗ್ಗನೇ ಎರಡು ಸಲ ನೋಡಿರೋದು.”

“ಉಣ್ಣು ಮೊದ್ಲು” ಎಂದಳು ಹೂವಮ್ಮ. ಅವಳ ಮುಂದಿದ್ದ ಎಲೆಯಲ್ಲಿ ಚಿತ್ರಾನ್ನ ಹಾಗೆಯೇ ಇತ್ತು.

ಆಗಲೇ ಸ್ಪರ್ಧೆ ನಡೆಸುವ ಸಂಸ್ಥೆಯ ಇಂಜಿನಿಯರ್ ಸಾಹೇಬರು ಮೈಕಿನಲ್ಲಿ ಒಂದು ಮಾತು ಹೇಳಿದರು. ಗೆದ್ದ ತಂಡಕ್ಕೆ ಬರೀ ಹಾರ ತುರಾಯಿ ಅಲ್ಲ, ಅವರು ಹೇಳಿದ ಪರಿಹಾರವನ್ನು ಈ ಬೇಸಿಗೆಯಲ್ಲೇ ಅವರ ಊರಲ್ಲಿ ಮಾಡಿಕೊಡಲಾಗುವುದು. ಹೋದ ವರ್ಷ ಗೆದ್ದ ಊರಲ್ಲಿ ಜೆಸಿಬಿ ಇಳಿದು ಹದಿನೈದು ದಿನಕ್ಕೆ ಕೆಲಸ ಮುಗಿದಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು. ಹೂವಮ್ಮನೂ ಹೊಡೆದಳು. ಕೈಗೆ ಒಂದು ಕೆಲಸ ಸಿಕ್ಕಂತಾಯಿತು.

ಬೆಲ್ ಆಯಿತು. ಮಕ್ಕಳನ್ನು ಒಂದು ಕೋಣೆಗೆ ಕಳಿಸಿ, ಅರ್ಧ ಗಂಟೆ ತಯಾರಾಗಿ ಎಂದು ಬಾಗಿಲು ಎಳೆದುಕೊಂಡರು. ಹೂವಮ್ಮ ಜಗಲಿಯ ಮೇಲೆ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ನಡೆದಳು. ಮೂರನೇ ಸುತ್ತಿನಲ್ಲಿ ಕಿಟಕಿಯೊಳಗೆ ಕಣ್ಣು ಹೋಯಿತು. ಮಕ್ಕಳು ಪೈಪಿನಿಂದ ಪಟ ತೆಗೆದು ಗೋಡೆಗೆ ಅಂಟಿಸಿದ್ದರು.

ಚಂದದ ಪಟ. ತಂಡದ ಗಂಗಾಶ್ರೀಗೆ ಚಿತ್ರ ಚೆನ್ನಾಗಿ ಬರುತ್ತದೆ. ವರ್ಷಕ್ಕೊಂದು ಕೆರೆ ಬರೆದು, ನೀರಿದ್ದಷ್ಟಕ್ಕೆ ನೀಲಿ ಬಳಿದಿದ್ದಳು. ಕೆಳಗೆ ಇಸವಿ, ಇಸವಿಯ ಕೆಳಗೆ ಹೂವಮ್ಮನ ಮಾತಿನಲ್ಲೇ ವರ್ಷದ ಗುರುತು. ಎಲ್ಲದರ ಮೇಲೆ ‘ಮಾಹಿತಿ: ಶ್ರೀಮತಿ ಹೂವಮ್ಮ’ ಎಂದು ದಪ್ಪಕ್ಷರ. ಅದನ್ನು ಓದಿ ಅವಳಿಗೆ ಮುಖ ಬಿಸಿಯಾಯಿತು. ಸರಳು ಹಿಡಿದು ಉಳಿದದ್ದನ್ನೂ ಓದತೊಡಗಿದಳು. ಸಾಧಾರಣ ವರ್ಷಗಳಲ್ಲಿ ಅರ್ಧ ನೀಲಿ. ಕೋಡಿ ಬಿದ್ದ ವರ್ಷಗಳಲ್ಲಿ ಅಂಚಿನ ತನಕ ನೀಲಿ. ಮೂರು ಕೆರೆಗಳಲ್ಲಿ ಮಾತ್ರ ನೀಲಿ ಅಂಚು ದಾಟಿ, ಏರಿ ಹತ್ತಿ, ಕೆಳಗಿನ ಮನೆಗಳ ಮೇಲೆ ಹರಿದಿತ್ತು. ಒಂದರಲ್ಲಿ ಎಮ್ಮೆ ತೇಲುತ್ತಿತ್ತು. ಆ ಎಮ್ಮೆಯ ಕೆಳಗಿನ ಅಕ್ಷರಗಳನ್ನು ಕೂಡಿಸಿದಳು. ಗ, ಣೇ, ಶ. ಗಣೇಶ ಹುಟ್ಟಿದ ವರ್ಷ.

ಮತ್ತೊಂದು ಸಲ ಕೂಡಿಸಿದಳು. ಅದೇ.

ಗಣೇಶ ಹುಟ್ಟಿದ ವರ್ಷ! ಏಳು ತಿಂಗಳ ಬಸುರಿ ತಾನು, ಕೆರೆಯ ನಡುವಿಗೆ ನಡೆದುಕೊಂಡು ಹೋಗಿ, ಅಂಗೈಯಗಲ ಬಿರುಕು ಬಿಟ್ಟ ನೆಲದಲ್ಲಿ ಒರತೆ ತೋಡಿ, ತೆಂಗಿನ ಚಿಪ್ಪಿನಲ್ಲಿ ಕೆಸರುನೀರು ಬಗೆದು ಕೊಡ ತುಂಬಿಸಿದ ವರ್ಷ. ಒಂದು ಕೊಡ ತುಂಬಲು ಹೊತ್ತು ನೆತ್ತಿಗೆ ಬರುತ್ತಿತ್ತು. ಅಣ್ಣನ ಮದುವೆಯ ವರ್ಷವೂ ಹಾಗೆಯೇ, ಆರ್‌ಸಿಸಿಯ ವರ್ಷವೂ ಹಾಗೆಯೇ. ಆ ಮೂರು ಕೆರೆಗಳಲ್ಲೇ ಮಕ್ಕಳು ಊರು ಮುಳುಗಿಸಿದ್ದರು.

ಎಲ್ಲಿ ತಪ್ಪಿತೆಂದು ಹೊಳೆಯಲು ಅವಳಿಗೆ ಬಹಳ ಹೊತ್ತು ಬೇಕಾಗಲಿಲ್ಲ.

ಮನೆಯಲ್ಲಿ ಅಕ್ಕಿ ತೀರಿದರೆ ಹಿಂದಿನ ಹೆಂಗಸರು ತೀರಿತು ಎನ್ನುತ್ತಿರಲಿಲ್ಲ, ಅಕ್ಕಿ ಹೆಚ್ಚಿದೆ ಎನ್ನುತ್ತಿದ್ದರು. ಬಳೆ ಒಡೆದರೆ ಬಳೆ ಹೆಚ್ಚಿತು. ದೀಪವನ್ನು ಆರಿಸುವುದಲ್ಲ, ದೊಡ್ಡದು ಮಾಡುವುದು. ಕೆಟ್ಟದ್ದನ್ನು ಬಾಯಲ್ಲಿ ಆಡಬಾರದೆಂದು ತಿರುವಿ ಹೇಳುವ ಮಾತು ಅದು. ನೀರುಗಂಟಿಯ ಮನೆಯಲ್ಲಿ ಕೆರೆಗೂ ಅದೇ ಮಾತು. ಬತ್ತಿತು, ಒಣಗಿತು, ನೀರಿಲ್ಲ, ಈ ಮೂರು ಮಾತು ಆ ಮನೆಯ ಹೊಸ್ತಿಲೊಳಗೆ ಬಂದದ್ದೇ ಇಲ್ಲ. ಊರವರು ಏನು ಬೇಕಾದರೂ ಅನ್ನಲಿ, ತೂಬಿನ ಮೇಲೆ ಕೈಯಿಟ್ಟವರು ಅನ್ನಬಾರದು. “ನಾವು ಅಂದ್ರೆ ಕೆರೆ ಕೇಳಿಸ್ಕಂತದೆ” ಎನ್ನುತ್ತಿದ್ದ ರಾಜಪ್ಪ. ಒಮ್ಮೆ ಹೂವಮ್ಮನ ಅವ್ವ ಸಿಟ್ಟಿನಲ್ಲಿ ಆ ಮಾತು ಆಡಿಬಿಟ್ಟಳು. ಅವನು ಎರಡು ದಿನ ಅನ್ನ ಮುಟ್ಟಲಿಲ್ಲ, ಬೈಯಲೂ ಇಲ್ಲ, ಏರಿಯ ಮೇಲೆ ಹೋಗಿ ಕೂತಿದ್ದ. ಹೂವಮ್ಮನಿಗೆ ಈಗ ಐವತ್ತೆಂಟು. ಈ ಐವತ್ತೆಂಟು ವರ್ಷದಲ್ಲಿ ಅವಳ ನಾಲಿಗೆ ಆ ಕಡೆ ಹೊರಳಿಯೇ ಇರಲಿಲ್ಲ.

ಮಕ್ಕಳಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಈಗ ಅವರ ಮನೆಗಳಲ್ಲಿ ಅಕ್ಕಿ ಖಾಲಿಯಾಗುತ್ತದೆ, ಗ್ಯಾಸ್ ಖಾಲಿಯಾಗುತ್ತದೆ. ತುಂಬಿದರೆ ಕೋಡಿ ಬಿತ್ತು ಎಂದಿದ್ದಾಳೆ ಅಜ್ಜಿ. ಹೆಚ್ಚಿತ್ತು ಎಂದರೆ ಅದಕ್ಕಿಂತಲೂ ಹೆಚ್ಚು ಎಂದು ಅವರು ತಿಳಿದದ್ದರಲ್ಲಿ ಏನು ತಪ್ಪು? ಶ್ರೀನಾಥ ಮಾಸ್ತರು ಬೇರೆ ಸೀಮೆಯವರು, ಅವರಿಗೂ ಹೊಳೆದಿರಲಿಲ್ಲ.

ಮಾಸ್ತರಿಗೆ ಫೋನು ಹಚ್ಚಿದಳು. ಸ್ವಿಚ್ ಆಫ್ ಎಂದಿತು. ಮತ್ತೆ ಹಚ್ಚಿದಳು. ಅದೇ ಹೆಣ್ಣುದನಿ. ಬಾಗಿಲಲ್ಲಿ ನಿಂತಿದ್ದ ಕರುಣಾಳ ಹತ್ತಿರ ಹೋದಳು.

“ಎಂತ ಅಜ್ಜಿ, ನೀರು ಬೇಕನಾ?”

“ನೀರಲ್ಲವ್ವ. ಆ ಪಟ ತಪ್ಪೈತೆ. ಚೈತ್ರಂಗೆ ಒಂದೇ ಒಂದು ಮಾತು ಹೇಳಿ ಬಂದುಬಿಡ್ತೀನಿ.”

“ಅಯ್ಯ ಮಾರಾಯ್ತಿ, ಬೆಲ್ ಆಗಿದ್ಯಲ. ನೀವು ಒಳಗೆ ಹೋದ್ರೆ ತಂಡ ಹೊರಗೆ ಬರ್ತದೆ.”

“ಹಂಗಾರೆ ನೀನೇ ಹೇಳಿ ಬಾ.”

“ನಾ ಹೇಳಿದ್ರೂ ಅದೇ ಸೈ. ಅಷ್ಟಕ್ಕೂ ಎಂತ ತಪ್ಪು?”

“ಹೆಚ್ಚಿತ್ತು ಅಂದ್ರೆ ಹೆಚ್ಚಿತ್ತು ಅಂತ ಅಲ್ಲ.”

ಕರುಣಾ ಅವಳ ಮುಖ ನೋಡಿದಳು. “ಊಟ ಮಾಡಿದ್ರಾ ಅಜ್ಜಿ?”

“ಮಾತು ತಿರುವಿ ತಿಳ್ಕೊಂಡಾವೆ ಹುಡುಗ್ರು...”

“ಮುಗಿದ ಮೇಲೆ ಹೇಳಿ. ಒಂದು ಪಟಕ್ಕೆ ಎಂತ ಆಗ್ತದೆ? ತೀರ್ಪುಗಾರರೇನು ನಿಮ್ಮ ಕೆರೆ ಕಂಡಿದ್ರಾ?”

ಅದೂ ಹೌದೆನಿಸಿತು. ಪಟ ತಾನೇ. ಮಕ್ಕಳು ಗೆಲ್ಲಲಿ, ಮೈಸೂರು ನೋಡಲಿ. ಆಮೇಲೆ ಅಡುಗೆಮನೆಯಲ್ಲಿ ಕೂಡಿಸಿಕೊಂಡು ಮೆಲ್ಲಗೆ ಹೇಳಿದರಾಯಿತು. ಹೀಗೆ ತನಗೆ ತಾನೇ ಹೇಳಿಕೊಂಡಳು. ಆದರೂ ಕಾಲು ನಿಲ್ಲಲಿಲ್ಲ. ಜಗಲಿಯ ಈ ಕಂಬದಿಂದ ಆ ಕಂಬಕ್ಕೆ ನಡೆಯುತ್ತಲೇ ಇದ್ದಳು.

ಹೊಂಡದಕೊಪ್ಪದ ಸರದಿ ಬಂದಾಗ ಮೂರು ಗಂಟೆ. ಪಾಲಕರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಮುಂದೆ ಮೂವರು ತೀರ್ಪುಗಾರರು. ನಡುವೆ ಶ್ರೀಲತಾ ಮೇಡಮ್ಮು, ಕಾಲೇಜಿನಲ್ಲಿ ಪಾಠ ಹೇಳಿ ರಿಟೈರಾದವರು, ಬಿಳಿಗೂದಲು. ಬಲಕ್ಕೆ ಇಂಜಿನಿಯರ್ ಸಾಹೇಬರು. ಎಡಕ್ಕೆ ಬರೆದುಕೊಳ್ಳುವ ಒಬ್ಬರು.

ಚೈತ್ರ ಒಂದು ಉದ್ದನೆಯ ಕೋಲು ಹಿಡಿದು ಪಟದ ಪಕ್ಕ ನಿಂತಳು. ಹುಡುಗಿ ನಡುಗಲಿಲ್ಲ. ಗಂಟೆ ಬಡಿದಂತೆ ಮಾತಾಡಿದಳು. ಎಷ್ಟು ಎಕರೆ ಕೆರೆ, ಎಷ್ಟು ಗದ್ದೆಗೆ ನೀರು, ಎಷ್ಟು ಹೂಳು. ವಸೀಂ ಡಬ್ಬಿಯೊಂದರಲ್ಲಿ ಮಣ್ಣಿನ ಏರಿ ಕಟ್ಟಿ ನೀರು ಸುರಿದು ತೋರಿಸಿದ. ಹೂವಮ್ಮನಿಗೆ ಭಯ ಸ್ವಲ್ಪ ಮರೆತುಹೋಯಿತು. ತಾನು ಬಡಿಸಿದ ಅನ್ನ ಉಂಡ ಮಕ್ಕಳು, ನೋಡು ಹೇಗೆ ಮಾತಾಡುತ್ತವೆ.

“ಈ ಮೂರು ವರ್ಷಗಳಲ್ಲಿ ನೀರು ಕೋಡಿಯ ಮಟ್ಟವನ್ನೂ ಮೀರಿತ್ತು” ಎಂದು ಚೈತ್ರ ಕೋಲನ್ನು ಎಮ್ಮೆಯ ಮೇಲಿಟ್ಟಳು. “ಮತ್ತೊಮ್ಮೆ ಹಾಗಾದರೆ ಏರಿ ಒಡೆಯುವ ಅಪಾಯವಿದೆ. ಆದ್ದರಿಂದ ನಮ್ಮ ತಂಡದ ಸಲಹೆ ಏನೆಂದರೆ, ಕೋಡಿಯನ್ನು ಎರಡು ಅಡಿ ತಗ್ಗಿಸಬೇಕು.”

ಹೂವಮ್ಮ ಬೆಂಚಿನ ತುದಿಗೆ ಸರಿದಳು.

ಮಿಕ್ಕ ನೀರು ಹೊರಬೀಳುವ ಕೋಡಿಯನ್ನು ತಗ್ಗಿಸುವುದೆಂದರೆ ತುಂಬಿದ ಕೆರೆಯಿಂದ ಮೇಲಿನ ಎರಡಡಿ ನೀರನ್ನು ವರ್ಷ ವರ್ಷವೂ ಹಳ್ಳಕ್ಕೆ ಬಿಟ್ಟುಕೊಡುವುದು. ಮೇಲಿನ ಎರಡಡಿಯೇ ಕೆರೆಯ ಬಾಳು. ಕೊನೆಯ ಗದ್ದೆಗಳಿಗೆ ಹೋಗುವುದು ಅದು, ಬೇಸಿಗೆಯಲ್ಲಿ ದನಕ್ಕೆ ಉಳಿಯುವುದು ಅದು. ಅಪ್ಪ ಮಳೆಗಾಲದ ಕೊನೆಯಲ್ಲಿ ಕೋಡಿಗೆ ಹುಲ್ಲುಹೆಂಟೆಯಿಟ್ಟು ಮತ್ತೆ ನಾಲ್ಕು ಬೆರಳು ನೀರು ನಿಲ್ಲಿಸುತ್ತಿದ್ದ. ನಾಲ್ಕು ಬೆರಳು ನೀರಿಗೆ ಮೈಯೆಲ್ಲ ನೆನೆಸಿಕೊಂಡು ನಿಲ್ಲುತ್ತಿದ್ದವನು. ಎರಡಡಿಯಂತೆ!

“ಇದು ಮಾಡಬಹುದಾದ ಕೆಲಸ” ಎಂದರು ಇಂಜಿನಿಯರ್ ಸಾಹೇಬರು, ಪಕ್ಕಕ್ಕೆ ಬಾಗಿ. “ಒಂದು ದಿನ ಒಡೆಯೋದು, ನಾಲ್ಕು ದಿನ ಗಾರೆ. ವೆರಿ ಗುಡ್. ಇಷ್ಟು ವರ್ಷದ ಲೆಕ್ಕ ಯಾವ ತಂಡವೂ ತಂದಿಲ್ಲ.”

“ಯಾರು ಕೊಟ್ಟರು ಇದನ್ನೆಲ್ಲ?” ಎಂದು ಶ್ರೀಲತಾ ಮೇಡಮ್ಮು ಕೇಳಿದರು.

“ನಮ್ಮ ಹೂವಮ್ಮಜ್ಜಿ ಮೇಡಂ. ನೀರುಗಂಟಿ ಮನೆತನ. ಅಗೋ, ಅಲ್ಲಿ ಕೂತಿದ್ದಾರೆ.”

ಇಡೀ ಕೋಣೆ ಹಿಂದಕ್ಕೆ ತಿರುಗಿತು. ಮೇಡಮ್ಮು ಕೂತಲ್ಲಿಂದಲೇ ಕೈಮುಗಿದು, “ನೀವು ಮಾತಾಡೋ ಹಾಗಿಲ್ಲ ಅಜ್ಜಿ, ನಮಸ್ಕಾರ ಮಾತ್ರ” ಎಂದು ನಕ್ಕರು. ಎಡಗಡೆಯವರು ಏನೋ ಅಂಕ ಬರೆದುಕೊಂಡರು. ಬರೆಯುವಾಗ ಅವರ ತಲೆ ಮೇಲೆ ಕೆಳಗೆ ಆಡಿದ್ದನ್ನು ಹೂವಮ್ಮ ನೋಡಿದಳು. ಗೆಲ್ಲುತ್ತಾರೆ. ಮಕ್ಕಳು ಗೆದ್ದೇಬಿಡುತ್ತಾರೆ.

ಆಮೇಲೆ ಹೇಳಿದರೆ? ಬಹುಮಾನ ಕೊಟ್ಟು, ಫೋಟೋ ತೆಗೆದು, ಕಾಗದಕ್ಕೆ ಸೀಲು ಬಿದ್ದ ಮೇಲೆ ಬಿಸಿಯೂಟದ ಹೂವಮ್ಮನ ಮಾತು ಯಾರು ಕೇಳುತ್ತಾರೆ? ಕೇಳಿದರೆ ಅದು ಇನ್ನೂ ಕೆಟ್ಟದ್ದು. ಸುಳ್ಳು ಲೆಕ್ಕ ಕೊಟ್ಟು ಗೆದ್ದವರೆಂದು ಮಕ್ಕಳ ಕೈಯಿಂದ ಬಹುಮಾನ ಕಸಿದುಕೊಳ್ಳುತ್ತಾರೆ.

ಅವಳು ಎದ್ದು ನಿಂತಳು.

“ಕೂತ್ಕೊಳ್ಳಿ ಅಜ್ಜಿ” ಎಂದಳು ಬಾಗಿಲ ಹತ್ತಿರವಿದ್ದ ಕರುಣಾ, ಪಿಸುದನಿಯಲ್ಲಿ.

ಚೈತ್ರಳ ಕಣ್ಣು ದೊಡ್ಡದಾಯಿತು. ಕೋಲು ಹಿಡಿದ ಕೈಯನ್ನೇ ಬೇಡ ಬೇಡ ಎಂದು ಸಣ್ಣಗೆ ಆಡಿಸಿದಳು.

“ಹೆಚ್ಚಿತ್ತು ಅಂದ್ನಲ್ಲ, ಅದು...” ಎಂದಳು ಹೂವಮ್ಮ.

“ಹೌದು, ಹೆಚ್ಚಿತ್ತು ಅಂತಾನೇ ಬರೆದಿದ್ದಾರಲ್ಲ ಮಕ್ಕಳು” ಎಂದರು ಇಂಜಿನಿಯರು. “ಕೂತ್ಕೊಳ್ಳಿ ತಾಯಿ, ಸುಮ್ಮನೆ ಅವರ ಮಾರ್ಕು ಹೋಗುತ್ತೆ.”

“ಹಂಗಲ್ಲ ಸ್ವಾಮಿ. ಹೆಚ್ಚಿತ್ತು ಅಂದ್ರೆ...”

“ಎಷ್ಟು ಹೆಚ್ಚಿತ್ತು ಅನ್ನೋದು ನಿಮ್ಮ ತಕರಾರಾ?”

ಅವಳು ಬೆಂಚಿನ ಅಂಚು ಹಿಡಿದುಕೊಂಡಳು. ಈ ವರ್ಷ ಕೆರೆ ಕೋಡಿಯ ಅಂಚಿನ ತನಕ ಇತ್ತು. ಬೆಳಿಗ್ಗೆ ಬಸ್ಸಿನಿಂದ ನೋಡಿಕೊಂಡೇ ಬಂದಿದ್ದಳು. ಅಂಥ ಕೆರೆಯ ಮೇಲೆ, ನೀರುಗಂಟಿಯ ಹೊಟ್ಟೆಯಲ್ಲಿ ಹುಟ್ಟಿ, ಆ ಮಾತು. ಅಪ್ಪ ಏರಿಯ ಮೇಲೆ ಬೆನ್ನು ತಿರುಗಿಸಿ ಕೂತದ್ದು ಕಂಡಂತಾಯಿತು.

“ಬತ್ತಿತ್ತು” ಎಂದಳು.

ದನಿ ತನಗೇ ಕೇಳಿಸಲಿಲ್ಲ ಎನಿಸಿ ಮತ್ತೆ ಅಂದಳು. “ಬತ್ತಿತ್ತು. ಕೆರೆ ಬತ್ತಿತ್ತು ಆ ಮೂರು ವರ್ಷಾನೂ. ಒಂದು ಹನಿ ನೀರಿರ್ಲಿಲ್ಲ. ನಮ್ಮನ್ಯಾಗೆ ಹಂಗನ್ನಬಾರ್ದು ಅಂತ ಹೆಚ್ಚಿತ್ತು ಅಂತೀವಿ. ಹುಡುಗ್ರಿಗೆ ಗೊತ್ತಾಗ್ಲಿಲ್ಲ. ತಪ್ಪು ನಂದು. ಕೋಡಿ ಮುಟ್ಟಬ್ಯಾಡ್ರಿ, ಕಾಲಿಗೆ ಬೀಳ್ತೀನಿ.”

ಎಡಗಡೆಯವರ ಪೆನ್ನು ನಿಂತಿತ್ತು. ಶ್ರೀಲತಾ ಮೇಡಮ್ಮು ಕನ್ನಡಕ ತೆಗೆದು ಪಟವನ್ನೂ ಹೂವಮ್ಮನನ್ನೂ ನೋಡಿದರು.

“ನಮ್ಮಜ್ಜಿ ಬಳೆ ಹೆಚ್ಚಿತು ಅಂತಿದ್ರು” ಎಂದರು ಕೊನೆಗೆ, ಇಂಜಿನಿಯರ ಕಡೆ ತಿರುಗಿ. “ಒಡೆದರೆ.”

ಇಂಜಿನಿಯರು ತಮ್ಮ ಮುಂದಿನ ಹಾಳೆಯಲ್ಲಿ ಕೋಡಿಯ ಬಗ್ಗೆ ಬರೆದುಕೊಂಡಿದ್ದ ಎರಡು ಸಾಲಿನ ಮೇಲೆ ಉದ್ದಕ್ಕೆ ಗೀಟು ಎಳೆದರು. ಎಳೆದ ಸದ್ದು ಹಿಂದಿನ ಬೆಂಚಿಗೂ ಕೇಳಿಸಿತು.

ನಿಯಮ ನಿಯಮವೇ ಆಗಿತ್ತು. ಪಾಲಕರು ಮಾತಾಡಿದ್ದರಿಂದ ಹೊಂಡದಕೊಪ್ಪವನ್ನು ಸ್ಪರ್ಧೆಯಿಂದ ಕೈಬಿಡಲಾಗಿದೆ ಎಂದು ಮೈಕಿನಲ್ಲಿ ಹೇಳಿದರು. ಸೊರಬದ ಕಡೆಯ ತಂಡ ಗೆದ್ದಿತು. ಅವರ ಚಪ್ಪಾಳೆ ಮುಗಿಯುವ ಮೊದಲೇ ಇವರು ಗೇಟು ದಾಟಿದ್ದರು.

ಬಸ್ ನಿಲ್ದಾಣದಲ್ಲಿ ಐದು ಮಕ್ಕಳೂ ಹೂವಮ್ಮನಿಂದ ಆರು ಮಾರು ದೂರ ನಿಂತರು. ಗಂಗಾಶ್ರೀ ಅಳುತ್ತಿದ್ದಳು. ಚೈತ್ರ ಅಳಲಿಲ್ಲ, ಪೈಪನ್ನು ಎದೆಗವುಚಿಕೊಂಡು ರಸ್ತೆ ನೋಡುತ್ತಿದ್ದಳು. ಶಿರಾಳಕೊಪ್ಪದ ಬಸ್ಸು ಬಂತು. ಹತ್ತಿದರು. ಸ್ವಲ್ಪ ದೂರ ಹೋದ ಮೇಲೆ ವಸೀಂ ಹಿಂದಿನ ಸೀಟಿನಿಂದ ಬಾಗಿ ಕೇಳಿದ.

“ಅಜ್ಜಿ, ನಿಮ್ಮನೆ ಮಾತಲ್ಲಿ ಹೇಳೋದಾದ್ರೆ ನಮ್ಮ ಮಾರ್ಕು ಹೆಚ್ಚಿತು, ಅಲ್ವ್ರಾ?”

“ಮೈಸೂರೂ ಹೆಚ್ಚಿತು” ಎಂದಳು ಗಂಗಾಶ್ರೀ, ಮೂಗು ಒರೆಸಿಕೊಳ್ಳುತ್ತಾ.

ಯಾರೋ ಕಿಸಕ್ಕೆಂದರು. ಚೈತ್ರ ಮಾತ್ರ ನಗಲಿಲ್ಲ. ಅವಳು ಎದ್ದು ಬಂದು ಹೂವಮ್ಮನ ಪಕ್ಕ ದೊಪ್ಪನೆ ಕೂತಳು.

“ಒಂದು ತಿಂಗಳು ಕೂತು ಬರ್ಕೊಂಡೆ ನಾನು. ಒಂದು ಸಲ ಆದ್ರೂ ಸರಿಯಾಗಿ ಹೇಳಬಾರದಿತ್ತಾ?”

“ಸರಿಯಾಗೇ ಹೇಳಿದ್ನಲ್ಲ ಮಗಾ.”

“ಇನ್ನೂ ಎಷ್ಟು ಹೀಗೆ ತಿರುವಿ ಹೇಳಿದೀರಿ?”

“ಮೂರೇ.”

“ಖರೇನಾ?”

“ಖರೇ.”

ಹುಡುಗಿ ಪೈಪನ್ನು ಮೊಣಕಾಲಿಗೆ ಕುಟ್ಟುತ್ತಾ ಕೂತಳು. “ಕೋಡಿ ಒಡೆದಿದ್ರೆ ನಮ್ಮ ಗದ್ದೇನೂ ಹೋಗ್ತಿತ್ತು. ನಮ್ಮದು ಕೊನೇಗದ್ದೆ” ಎಂದಳು. ಅದು ಸಿಟ್ಟೋ ಸಮಾಧಾನವೋ ಅವಳ ದನಿಯಿಂದ ಗೊತ್ತಾಗುವಂತಿರಲಿಲ್ಲ.

ಹೂವಮ್ಮನ ಗಮನ ಇಲ್ಲಿರಲಿಲ್ಲ. ಆ ದಾರಿಯಲ್ಲಿ ಊರಿಗೊಂದು ಕೆರೆ. ಒಂದೊಂದು ಕೆರೆ ಬಂದಾಗಲೂ ಅವಳು ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಕಣ್ಣಿಗೆ ಮರೆಯಾಗುವ ತನಕ ನೀರು ನೋಡಿ, ಮತ್ತೆ ಕೂತು, ಮತ್ತೆ ಏಳುತ್ತಿದ್ದಳು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಮಕ್ಕಳು ಟೀ ಕುಡಿಯೋಣವೆಂದರು. ಬೇಡ, ಬಸ್ಸು ತಪ್ಪುತ್ತದೆ ಎಂದಳು. ಬಸ್ಸಿಗೆ ಇನ್ನೂ ಕಾಲು ಗಂಟೆಯಿತ್ತು.

ಹೊಂಡದಕೊಪ್ಪದ ರಸ್ತೆ ಏರಿಯ ಮೇಲೆಯೇ ಹೋಗುತ್ತದೆ. ಏರಿಯ ತುದಿ ಕಾಣುವ ಮೊದಲೇ ಹೂವಮ್ಮ ಬಾಗಿಲಲ್ಲಿ ನಿಂತಿದ್ದಳು.

“ಸ್ಟಾಪು ಮುಂದೈತೆ ಕಣಜ್ಜಿ” ಎಂದ ಕಂಡಕ್ಟರು.

“ಇಲ್ಲೇ ಬಿಡಪ್ಪ.”

“ನಿಮ್ಮನೆ ಬಾಗ್ಲಿಗೂ ಬಿಡ್ತೀನಿ, ಸ್ವಲ್ಪ ತಡೀರಿ.”

“ಇಲ್ಲೇ ಬಿಡು ಅಂದ್ನಲ್ಲ!”

ಅವಳು ಹೀಗೆ ಗದರಿದ್ದನ್ನು ಮಕ್ಕಳು ಕೇಳಿದ್ದೇ ಇಲ್ಲ. ಬಸ್ಸು ನಿಂತಿತು. ಇಳಿದಳು. ಅವಳ ಹಿಂದೆಯೇ ಧಡಕ್ಕೆಂದು ಚೈತ್ರ ಇಳಿದಳು, ಕೈಯಲ್ಲಿ ಪೈಪು. ಬಸ್ಸು ಹೊರಟುಹೋಯಿತು.

ಸೂರ್ಯ ಆಚೆ ದಡದ ಮರಗಳ ಮೇಲಿದ್ದ. ಕೆರೆ ಬೆಳಿಗ್ಗೆ ಹೇಗಿತ್ತೋ ಹಾಗೆಯೇ ಅಗಲಕ್ಕೆ ಬಿದ್ದುಕೊಂಡಿತ್ತು.

“ಐತೆ ಅಜ್ಜಿ, ತುಂಬೈತೆ ನೋಡ್ರಿ” ಎಂದಳು ಚೈತ್ರ.

ಹೂವಮ್ಮ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಏರಿಯ ಕಲ್ಲುಗಳ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ಕೆಳಗಿಳಿಯತೊಡಗಿದ್ದಳು.

“ತಡಿ” ಎಂದಳು, ತಿರುಗಿ ನೋಡದೆ. “ಹತ್ರದಿಂದ ನೋಡಾಣ.”